ಹೊಲಿಗೆ ಮಿಷನ್ನಿನ ಸದ್ದು

ಎರಡು ವರ್ಷ ತುಂಬಿದರೂ ಪುಟ್ಟಿ ಒಂದು ಮಾತೂ ಆಡಿರಲಿಲ್ಲ. ಕೂಗಿದರೆ ತಿರುಗುತ್ತಿರಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುವ ಅವಳ ತಾಯಿಗೆ ಒಳಗೊಳಗೇ ಪುಕಪುಕ.

"ನಿನ್ನ ಗಂಡ ಮಾತಾಡಿದ್ದೂ ಮೂರು ವರ್ಷಕ್ಕೆ," ಎಂದರು ಅತ್ತೆ. "ಈಗ ಅವನ ಬಾಯಿ ಮುಚ್ಚಿಸೋಕಾಗುತ್ತಾ?"

"ಇವಳಿಗೆ ಕಿವಿ ಕೇಳಿಸ್ತಿಲ್ವೇನೋ, ಅತ್ತೆ."

"ಬಿಡ್ತು ಅನ್ನು! ನೀನು ಮಿಷನ್ ಶುರು ಮಾಡಿದ್ರೆ ಆ ಮೂಲೆಯಿಂದ ಓಡಿ ಬರ್ತಾಳೆ. ಕಿವುಡಿ ಆಗಿದ್ರೆ ಬರ್ತಿದ್ಲಾ?"

ಪುಟ್ಟಿ ಓಡಿ ಬರುತ್ತಿದ್ದುದು ನಿಜ. ಆದರೂ ಲಸಿಕೆಯ ಕಾರ್ಡ್ ನೋಡಲು ನರ್ಸಮ್ಮ ಬಂದಾಗ ಸೊಸೆ ಎಲ್ಲವನ್ನೂ ಹೇಳಿಬಿಟ್ಟಳು.

ನರ್ಸಮ್ಮ ಮಗುವನ್ನು ನೋಡಿದರು. ಹಲಗೆ ಹಾಸಿದ ನೆಲವನ್ನೂ ನೋಡಿದರು.

"ಮಿಷನ್ ಓಡಿಸಮ್ಮ."

ಗೋಡೆಯತ್ತ ಮುಖ ಮಾಡಿ ಆಡುತ್ತಿದ್ದ ಪುಟ್ಟಿ ಬರಿಗಾಲಲ್ಲಿ ದಡದಡ ಓಡಿ ಬಂದಳು.

"ನೋಡಿದ್ರಾ?" ಅತ್ತೆ ಬೀಗಿದರು.

"ನೋಡಿದೆ. ಈಗ ಎತ್ತಿಕೊಳ್ಳಿ, ಅಜ್ಜಿ. ಅವಳಿಗೆ ಮಿಷನ್ ಕಾಣಬಾರದು."

ಮಿಷನ್ ಮತ್ತೆ ಓಡಿತು. ಪುಟ್ಟಿ ಅಜ್ಜಿಯ ಕನ್ನಡಕ ಎಳೆಯುತ್ತಲೇ ಇದ್ದಳು. ತಾಯಿ ಇನ್ನೂ ಜೋರಾಗಿ ಓಡಿಸಿದಳು. ದಾರ ಕಿತ್ತುಹೋಯಿತು. ಮಗು ಕತ್ತು ಹೊರಳಿಸಲಿಲ್ಲ.

"ನೆಲ ಅದುರೋದು ಅವಳ ಕಾಲಿಗೆ ಗೊತ್ತಾಗುತ್ತೆ," ಎಂದರು ನರ್ಸಮ್ಮ. "ಕಿವಿ ಪರೀಕ್ಷೆ ಮಾಡಿಸಲೇಬೇಕು."

ಅತ್ತೆ ಮಗುವನ್ನು ಅವಚಿಕೊಂಡರು. "ಇನ್ನೊಂದು ವರ್ಷ ನೋಡಿ..."

"ಮಾತು ಕಲಿಯೋ ಶಕ್ತಿ ಮೆದುಳಿಗೆ ಈ ಎಳೇ ವಯಸ್ಸಲ್ಲೇ ಹೆಚ್ಚು, ಅಜ್ಜಿ. ನಾವು ಕಾದಷ್ಟೂ ಅವಳಿಗೆ ಕಷ್ಟ."

ತಾಯಿ ಎದ್ದು ಮಿಷನ್ನಿಗೆ ಬಟ್ಟೆ ಹೊದಿಸಿದಳು. "ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗ್ತೀನಿ. ಯಾರೂ ಬರದಿದ್ರೂ ಸರಿ."

"ಯಾರೂ ಬರದಿದ್ರೂ ಅಂದ್ರೆ? ನಾನಿಲ್ವಾ?" ಅತ್ತೆ ಗದರಿದರು. "ನಾಳೆ ಯಾಕೆ? ಗಂಟೆ ಇನ್ನೂ ಹತ್ತು. ನನ್ನ ಚಪ್ಪಲಿ ತಾ."

ಎರಡೂ ಕಿವಿ ಮಂದವೆಂದು ಪರೀಕ್ಷೆಯಲ್ಲಿ ತಿಳಿಯಿತು. ಶ್ರವಣ ಸಾಧನ ಬಂತು, ಮಾತಿನ ತರಬೇತಿ ಶುರುವಾಯಿತು. ಮೊದಮೊದಲು ಪುಟ್ಟಿ ಸಾಧನವನ್ನು ಕಿತ್ತೆಸೆಯುವಳು. ಮಂಚದ ಕೆಳಗೆ ನುಸುಳಿ ಹುಡುಕಿ ತಂದು ಮತ್ತೆ ಹಾಕುವ ಕೆಲಸ ಅಜ್ಜಿಯದು.

ತಿಂಗಳುಗಳು ಕಳೆದವು. ಒಂದು ದಿನ ಅಜ್ಜಿಯ ಸೊಂಟದ ಮೇಲಿದ್ದ ಪುಟ್ಟಿ, ಬೆನ್ನ ಹಿಂದೆ ಮಿಷನ್ ಓಡಿದೊಡನೆ ಗಕ್ಕನೆ ತಿರುಗಿದಳು. ತಾಯಿ ನಿಲ್ಲಿಸಿದಳು.

"ಟರ್ರ್," ಎಂದಳು ಪುಟ್ಟಿ. ಮತ್ತೆ ಓಡಿಸು ಎಂಬಂತೆ ಬೆರಳು ತೋರಿಸಿದಳು.

"ಮುಗೀತು," ಎಂದು ಅಜ್ಜಿ ಕಣ್ಣೊರೆಸಿಕೊಂಡರು. "ಇನ್ನು ಇವಳ ಬಾಯೂ ಮುಚ್ಚಿಸೋಕಾಗಲ್ಲ."

ನಿಮ್ಮ ಮಗು ಕರೆದರೆ ತಿರುಗುತ್ತಿಲ್ಲವೇ? ವಯಸ್ಸಿಗೆ ತಕ್ಕಂತೆ ಕೂರುವುದು, ನಡೆಯುವುದು, ಮಾತಾಡುವುದು ತಡವಾಗುತ್ತಿದೆಯೇ? ಬೆಳೆಯುತ್ತಾ ಸರಿಹೋಗುತ್ತದೆಂದು ಕಾಯಬೇಡಿ. ಆರೋಗ್ಯ ಕೇಂದ್ರದಲ್ಲಿ ತೋರಿಸಿ. ತೊಂದರೆ ಇಲ್ಲದಿದ್ದರೆ ನೆಮ್ಮದಿಯಿಂದ ಮರಳುತ್ತೀರಿ. ಇದ್ದರೆ ಮಗುವಿಗೆ ಸಮಯ ಉಳಿಸುತ್ತೀರಿ. ಚಪ್ಪಲಿ ಮೆಟ್ಟಿ, ಇವತ್ತೇ ಹೊರಡಿ.