ಮಂಜಿನೊಳಗೆ ಮೂರನೇ ಸಾಲು

ಅಗೋ ಬಿಳಿ ನೀರು, ಚಿಮ್ಮುತ್ತಿದೆ, ಇಲ್ಲ, ಹೋಯಿತು, ಇಲ್ಲ ಇದೆ — ಮುಂದಿನ ಹಡಗು ಉದ್ದ ಹಗ್ಗಕ್ಕೆ ಕಟ್ಟಿ ಎಳೆದುಕೊಂಡು ಹೋಗುತ್ತಿರುವ ಮರದ ಪೀಪಾಯಿ ಎಬ್ಬಿಸುವ ನೀರು, ಈ ಮಂಜಿನಲ್ಲಿ ಹಡಗು ಕಾಣುವುದಿಲ್ಲ, ಪೀಪಾಯಿಯ ಬೆನ್ನು ಹತ್ತಿ ಹೋಗಬೇಕು, ಅದು ತಪ್ಪಿದರೆ ಸಾಲು ತಪ್ಪಿತು, ಎಲಿಸ್ ಪ್ರಾಬರ್ಟ್, ಇವತ್ತು ನಿನ್ನ ಕಣ್ಣೇ ಹಡಗಿನ ಕಣ್ಣು, ಅಂದರು ಕ್ಯಾಪ್ಟನ್ನರ ಬಲಗೈ ಮೇಟ್ ಹ್ಯಾಡೋ ನನ್ನನ್ನು ಹಡಗಿನ ಈ ಮೂತಿಯಲ್ಲಿ ನಿಲ್ಲಿಸುವಾಗ, ಪೀಪಾಯಿ ಕಾಣ್ತಿದ್ರೆ ಕೈ ಎತ್ತು, ಕಾಣದಿದ್ರೆ ಕಿರುಚು — ಕೈ ಎತ್ತಿ ಎತ್ತಿ ಭುಜ ಬಿದ್ದುಹೋಗಿದೆ, ರೆಪ್ಪೆಯ ಮೇಲೆ ಹನಿ, ಮೀಸೆಯಲ್ಲಿ ಉಪ್ಪು, ಎಡಕ್ಕೆ ಎರಡು ಸಾಲು ಹಡಗು, ಬಲಕ್ಕೆ ಐದು ಸಾಲು, ನಮ್ಮದು ಮೂರನೇ ಸಾಲು, ಗೋಧಿ, ಮಾಂಸದ ಡಬ್ಬಿ, ಪೆಟ್ರೋಲು, ಅಷ್ಟು ಹಡಗು ಜೊತೆಯಲ್ಲಿದ್ದೂ ನಾನೊಬ್ಬನೇ ಇದ್ದ ಹಾಗಿದೆ, ಸುತ್ತ ಎಲ್ಲೋ ಕಾವಲಿನ ಪುಟ್ಟ ಯುದ್ಧನೌಕೆಗಳು ಓಡಾಡುತ್ತಿವೆ, ಬ್ರೆಕನ್ ಗುಡ್ಡದಲ್ಲಿ ಮಾವನ ನಾಯಿ ಕುರಿಗಳ ಸುತ್ತ ಓಡುತ್ತಿದ್ದ ಹಾಗೆ, ನಾಯಿ ಕುರಿ ಕಡೆ ನೋಡಲ್ಲ ಕಣೋ, ಕುರಿ ಇಲ್ಲದ ಕಡೆ ನೋಡುತ್ತೆ, ಅನ್ನುತ್ತಿದ್ದ ಮಾವ, ಆ ಮಾತು ಈಗ ಯಾಕೆ ನೆನಪಾಗಬೇಕು.

ಹ್ಯಾಲಿಫ್ಯಾಕ್ಸ್‌ ಬಂದರಿನಿಂದ ಹೊರಡುವ ಮುನ್ನ ನಮ್ಮ ಕ್ಯಾಪ್ಟನ್ ಟ್ರೆಹಾರ್ನ್ ಸಭೆ ಮುಗಿಸಿ ಬಂದವರು ನಗುತ್ತಲೇ ಹೇಳಿದ್ದರು, ನಮ್ಮನ್ನೆಲ್ಲ ಶಾಲೆ ಹುಡುಗರ ಥರ ಬೆಂಚಿನ ಮೇಲೆ ಕೂರಿಸಿದ್ರಪ್ಪ, ದೀಪ ಹಚ್ಚಬೇಡಿ, ಹೊಗೆ ಬಿಡಬೇಡಿ, ಕಸ ನೀರಿಗೆ ಎಸೀಬೇಡಿ, ಶತ್ರು ಸಬ್‌ಮರೀನಿಗೆ ಸುಳಿವು ಸಿಗುತ್ತೆ, ಪಕ್ಕದವರಿಗೆ ಏನೇ ಆಗ್ಲಿ ನಿಲ್ಲಬೇಡಿ, ನೀರಿಗೆ ಬಿದ್ದೋರನ್ನ ಎತ್ಕೊಳ್ಳೋಕೆ ಬೇರೆ ಹಡಗಿದೆ — ಮುಂಚೂಣಿಯ ಹಡಗಿನಲ್ಲಿ ಇಡೀ ಗುಂಪನ್ನು ನಡೆಸುವ ಮುದುಕ ಕಮೊಡೋರ್ ಇದ್ದಾರೆ, ಅವರು ಒಂದು ಸಲ ಸೈರನ್ ಊದಿದರೆ ಎಲ್ಲರೂ ಒಟ್ಟಿಗೆ ಬಲಕ್ಕೆ ಹೊರಳಬೇಕು, ಎರಡು ಸಲ ಊದಿದರೆ ಎಡಕ್ಕೆ, ಎಲ್ಲರಿಗೂ ಒಂದೇ ಕಿವಿ ಇರಬೇಕು ನೋಡಿ, ಅಂದಿದ್ದರು — ಊದಿದರು, ಅದೇ ಈಗ, ಒಂದು ಸಲವೋ, ಎರಡೋ, ಮಂಜಿನಲ್ಲಿ ಸದ್ದು ಎಲ್ಲಿಂದಲೋ ಹೊರಟು ಇನ್ನೆಲ್ಲಿಂದಲೋ ಬರುತ್ತದೆ, ಒಂದೇ, ಖಂಡಿತ ಒಂದೇ, ಹಡಗು ಬಲಕ್ಕೆ ಹೊರಳುತ್ತಿದೆ, ಬಿಳಿ ನೀರು ಪಕ್ಕಕ್ಕೆ ಸರಿಯಿತು, ಹೋಯಿತು, ಕಿರುಚಬೇಕು, ಬಾಯಿ ತೆರೆದೆ, ಅಷ್ಟರಲ್ಲಿ ಮಂಜು ಕಪ್ಪಾಯಿತು, ಗೋಡೆ, ಕಬ್ಬಿಣದ ಗೋಡೆ, ತುಕ್ಕಿನ ಕಲೆ, ದುಂಡು ಕಿಟಕಿ, ನಾಲ್ಕನೇ ಸಾಲಿನ ಹಡಗು, ಅದು ಹೊರಳೇ ಇಲ್ಲ, ಅದಕ್ಕೆ ಕೇಳಿಸಿಲ್ಲ, ಹಡಗೂ ಸಾರ್ ಹಡಗು —

ಬಿದ್ದೆ, ಸರಪಳಿಗೆ ಹಣೆ ಬಡಿಯಿತು, ಆ ಸದ್ದನ್ನು ಏನೆಂದು ಹೇಳಲಿ, ದೊಡ್ಡ ಪ್ರಾಣಿಯೊಂದು ಹಲ್ಲು ಕಡಿದ ಹಾಗೆ, ಆಮೇಲೆ ಎಲ್ಲ ನಿಂತಿತು, ಎದ್ದು ಬಗ್ಗಿ ನೋಡಿದರೆ ನಮ್ಮ ಮೂತಿ ಆ ಹಡಗಿನ ಹೊಟ್ಟೆ ಸೀಳಿ ಒಳಗೆ ಹೋಗಿದೆ, ಸೀಳಿದ ಜಾಗದಲ್ಲಿ ಒಂದು ಕೋಣೆ, ಗೋಡೆಯ ಮೇಲೆ ಕನ್ನಡಿ, ಕನ್ನಡಿಯ ಮುಂದೆ ಒಬ್ಬ ಮನುಷ್ಯ ಬನಿಯನ್‌ನಲ್ಲಿ ನಿಂತಿದ್ದಾನೆ, ಒಂದು ಕೆನ್ನೆ ಬೋಳಿಸಿದೆ, ಇನ್ನೊಂದರ ತುಂಬ ಸೋಪಿನ ನೊರೆ, ಕೈಯಲ್ಲಿ ಕ್ಷೌರದ ಕತ್ತಿ, ಅವನು ನನ್ನನ್ನೇ ನೋಡುತ್ತಿದ್ದಾನೆ, ನಾನು ಅವನನ್ನೇ, ಬಾಗಿಲು ತಟ್ಟಿ ಒಳಗೆ ಬರ್ಬೇಕು ಅಂತ ನಿಮ್ಮಮ್ಮ ಹೇಳಿಕೊಟ್ಟಿಲ್ವೇನೋ, ಅಂದ.

ನಕ್ಕೆನೇ ನಾನು, ನಕ್ಕಿರಬೇಕು. ಹಿಂದಕ್ಕೆ ತೆಗೀಬೇಡಿ, ಕ್ಯಾಪ್ಟನ್ ಕೂಗುತ್ತಿದ್ದಾರೆ, ನಮ್ಮ ಮೂತಿನೇ ಆ ತೂತಿಗೆ ಬಿರಡೆ, ತೆಗೆದ್ರೆ ಮುಳುಗುತ್ತೆ, ಮೊದಲು ಜನ ಹತ್ತಲಿ — ಅವರ ಜನ ತಮ್ಮ ಹಡಗಿನ ಮೇಲಟ್ಟದಿಂದ ನಮ್ಮ ಅಟ್ಟಕ್ಕೆ ಕಾಲಿಡುತ್ತಿದ್ದಾರೆ, ಬಸ್ಸಿನಿಂದ ಬಸ್ಸಿಗೆ ದಾಟುವವರ ಹಾಗೆ, ಒಬ್ಬ ಬೆಕ್ಕನ್ನು ಅವುಚಿಕೊಂಡು, ಒಬ್ಬ ಬರಿಗಾಲಲ್ಲಿ, ಕೆಳಗೆ ಇವನು ಮಾತ್ರ ಅಲುಗುವುದಿಲ್ಲ, ಬಾರೋ ಮಾರಾಯ, ಅಂದೆ, ಬರೋ ಹಾಗಿದ್ರೆ ಬರ್ತಿರ್ಲಿಲ್ವಾ, ಅಂದ. ಹಗ್ಗದೇಣಿ ಇಳಿಬಿಟ್ಟು ಹಾರೆ ಹಿಡಿದು ಇಳಿದೆ, ಕಬ್ಬಿಣದ ತಗಡು ಮಡಚಿ ಅವನ ಸೊಂಟದವರೆಗೂ ಸುತ್ತಿಕೊಂಡಿದೆ, ಡಂಕನ್ ಮೊವಾಟ್, ಆರ್ಕ್ನಿ ದ್ವೀಪದವನು, ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು, ಹೆಸರನ್ನು ತಾನಾಗಿಯೇ ಹೇಳಿದ, ಯಾರದೋ ಮನೆಗೆ ಊಟಕ್ಕೆ ಬಂದವನಂತೆ, ಆಮೇಲೆ ದನಿ ತಗ್ಗಿಸಿ, ಕಾಲಿದೆಯಾ ನೋಡಪ್ಪ, ನಂಗೆ ಗೊತ್ತೇ ಆಗ್ತಿಲ್ಲ, ನಾನು ಬಗ್ಗಿದೆ, ಕತ್ತಲೆ, ತಗಡು, ಏನೂ ಕಾಣಲಿಲ್ಲ, ಇದೆ ಇದೆ ಅಂದುಬಿಟ್ಟೆ, ಹಾರೆ ಕೊಟ್ಟು ಮೀಟಿದೆ, ಅವನೂ ಮೀಟಿದ, ಬೆವರಿಗೆ ನೊರೆ ಕರಗಿ ಕುತ್ತಿಗೆಗಿಳಿಯುತ್ತಿತ್ತು, ತಗಡು ಒಂದಿಷ್ಟೂ ಮಿಸುಕಲಿಲ್ಲ.

ಮಂಜಿನಿಂದ ಕಾವಲು ನೌಕೆ ಎದ್ದು ಬಂತು, ಧ್ವನಿವರ್ಧಕದಲ್ಲಿ ಒಂದು ಎಳೆಯ ಗಂಟಲು, ಹಿಂದಕ್ಕೆ ತೆಗೀರಿ, ನೀರೊಳಗೆ ಏನೋ ಓಡಾಡ್ತಿರೋದು ನಮ್ಮ ಯಂತ್ರಕ್ಕೆ ಕೇಳಿಸ್ತಿದೆ, ಸಬ್‌ಮರೀನೇ ಇರ್ಬೇಕು, ನೀವು ಹಿಂಗೆ ನಿಂತ್ರೆ ಎರಡೂ ಹಡಗು ಹೋಗುತ್ತೆ — ಒಬ್ಬ ಇನ್ನೂ ಒಳಗಿದಾನೆ ಕಣ್ರೀ, ಅಂದರು ನಮ್ಮ ಕ್ಯಾಪ್ಟನ್ — ನನಗೆ ಮಿಕ್ಕ ಹಡಗೆಲ್ಲ ಕಾಯೋದಿದೆ ಕ್ಯಾಪ್ಟನ್, ತೆಗೀರಿ, ಆ ಗಂಟಲು ಒಡೆಯಿತು, ಅವನೂ ಅಳುತ್ತಿದ್ದನೇನೋ. ಹ್ಯಾಡೋ ನನ್ನ ಬೆಲ್ಟಿಗೆ ಕೈ ಹಾಕಿ ಮೇಲಕ್ಕೆ ಎಳೆದರು, ಬಿಡಿ ಸಾರ್, ಸ್ವಲ್ಪ ಸಡಿಲ ಆಗ್ತಿದೆ ಸಾರ್, ಸುಳ್ಳು, ಏನೂ ಸಡಿಲವಾಗಿರಲಿಲ್ಲ, ಮೊವಾಟ್ ಮೇಲೆ ನೋಡಿ, ಹೋಗೋ, ನಿನ್ನ ಕೆಲಸ ನೋಡು ಹೋಗು, ಅಂದ, ಬೈದ ಹಾಗೆ.

ಇಂಜಿನ್ ಹಿಂದಕ್ಕೆ ತಿರುಗಿತು, ಕಬ್ಬಿಣ ಮತ್ತೆ ಹಲ್ಲು ಕಡಿಯಿತು, ಮೂತಿ ಹೊರಬಂತು, ಮೂತಿಯ ಜೊತೆ ಆ ತಗಡೂ ಕಳಚಿಕೊಂಡು ಬಂತು — ನಾನು ನೋಡಿದೆ, ನನ್ನ ಕಣ್ಣಾರೆ ನೋಡಿದೆ, ಅವನು ಬಿಡುಗಡೆಯಾದ, ಅವನು ನಿಂತಿದ್ದ, ಎರಡು ಕಾಲಿನ ಮೇಲೆ, ಹಾರೋ, ಹಾರೋ ಡಂಕನ್, ಹಗ್ಗ ಎಸೆದೆ, ಹಗ್ಗ ಅವನ ಕಾಲ ಬಳಿಯೇ ಬಿತ್ತು, ಕೈ ಚಾಚಿದರೆ ಸಾಕು, ಅವನು ಹಗ್ಗ ನೋಡಲಿಲ್ಲ, ತನ್ನ ಕಾಲು ನೋಡುತ್ತಿದ್ದ, ಒಂದನ್ನು ಎತ್ತಿದ, ಇಳಿಸಿದ, ಇನ್ನೊಂದನ್ನು ಎತ್ತಿದ, ಇದೆ ಕಣೋ, ಎರಡೂ ಇದೆ, ಅಂತ ನನ್ನ ಕಡೆ ಮುಖವೆತ್ತಿ ನಕ್ಕ, ನೀರು ಅವನ ಮೊಣಕಾಲಿಗೆ ಬಂದಿತ್ತು, ಮಂಜು ಮುಚ್ಚಿತು.

ಕಾವಲು ನೌಕೆ ನೀರೊಳಗೆ ಬಿಟ್ಟ ಸಿಡಿಮದ್ದು ಸಿಡಿದದ್ದು, ಅಟ್ಟ ಕಾಲಡಿ ಹಾರಿದ್ದು, ಎಲ್ಲ ಆಮೇಲೆ. ಹಿಂದೆ ಬರುತ್ತಿದ್ದ ರಕ್ಷಣಾ ಹಡಗು ಸುತ್ತಿ ಸುತ್ತಿ ಹುಡುಕಿತಂತೆ, ಮರದ ತುಂಡು, ಎಣ್ಣೆ, ಅಷ್ಟೇ. ಮಧ್ಯಾಹ್ನ ಮಂಜು ಹರಿದಾಗ ಕಾವಲು ನೌಕೆ ದೀಪ ಮಿನುಗಿಸಿ ಏನೋ ಹೇಳಿತು, ಹ್ಯಾಡೋ ಓದಿದರು, ಓದಿ ನನ್ನ ಮುಖ ನೋಡದೆ ಹೇಳಿದರು, ಯಂತ್ರಕ್ಕೆ ಕೇಳಿಸಿದ್ದು ಮೀನಿನ ಹಿಂಡು ಇದ್ದಿರಬಹುದು ಅಂತಿದಾರೆ ಎಲಿಸ್. ಮೀನು. ಹೆಗಲಿಗೆ ಯಾರೋ ಕಂಬಳಿ ಹೊದಿಸಿದರು, ಬೆಕ್ಕು ತಂದವನು ಚಹಾ ಕೊಟ್ಟ, ಬಲಗಡೆ ನಾಲ್ಕನೇ ಸಾಲಿನಲ್ಲಿ ಹಿಂದಿನ ಹಡಗು ಮೆಲ್ಲಗೆ ಮುಂದೆ ಬಂದು ಖಾಲಿ ಜಾಗ ತುಂಬಿತು, ಈಗ ನೋಡಿದರೆ ಸಾಲು ನೆಟ್ಟಗಿದೆ, ಅಲ್ಲೊಂದು ಹಡಗು ಇರಲೇ ಇಲ್ಲವೇನೋ ಅನ್ನುವಷ್ಟು, ಚಹಾ ಕುಡಿಯಪ್ಪ, ಕುಡಿಯುತ್ತೇನೆ, ನಕ್ಕನಲ್ಲ ಅವನು, ಯಾಕೆ ನಕ್ಕ, ಹಗ್ಗ ಅಲ್ಲೇ ಇತ್ತು, ಕಾಲೂ ಇತ್ತು, ಕುಡಿ ಎಲಿಸ್, ಹೂಂ, ಒಂದು ಕೆನ್ನೆ ಬೋಳು, ಒಂದು ಕೆನ್ನೆಯಲ್ಲಿ ನೊರೆ, ನಗುತ್ತಿದ್ದಾನೆ, ಒಂದು ಕೆನ್ನೆಯಲ್ಲಿ ನೊರೆ, ನಗುತ್ತಿದ್ದಾನೆ, ನೊರೆ