ಹಿಡಿಯ ಮೇಲೆ ಗುರುತಿಲ್ಲದ ಹೆಸರು

ನಮ್ಮ ಬ್ರಷ್ ಕಾರ್ಖಾನೆಯ ಅಂಟಿನ ಮೇಸ್ತ್ರಿಯ ಮನೆಯಲ್ಲಿ ಎರಡು ವರ್ಷದಿಂದ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಜಗಳವೇನಲ್ಲ. ಮೇಸ್ತ್ರಿಯ ಹೆಂಡತಿಗೆ ಕಿವಿ ಮಂದವಾಗಿತ್ತು. ಕಿವಿಗೆ ಹಾಕುವ ಯಂತ್ರದ ಬೆಲೆ ವಿಚಾರಿಸಿಕೊಂಡು ಬಂದಿದ್ದ ಆತ ಈ ಸಲದ ಬೋನಸ್ಸಿಗೆ ಕಾಯುತ್ತಿದ್ದ. ಆದಾಯ ತೆರಿಗೆ ಕಡಿತವಾಗದೆ ಬಂದರೆ ಯಂತ್ರ ಬರುತ್ತದೆ. ಕಡಿತವಾದರೆ ಇನ್ನೊಂದು ವರ್ಷ ಕೂಗುವುದೇ ಗತಿ.

ಕಾರ್ಖಾನೆಯ ಹಳೆಯ ಒಡೆಯರು ಹಿಂದಿನ ವರ್ಷ ಅದನ್ನು ಕೆಲಸಗಾರರ ಟ್ರಸ್ಟಿಗೆ ಬಿಟ್ಟುಕೊಟ್ಟಿದ್ದರು. ಈಗ ನಾವೇ ಒಡೆಯರು. ಮೊದಲ ಬೋನಸ್ ಪಟ್ಟಿ ಬರೆಯುವ ಕೆಲಸ ಮೇಸ್ತ್ರಿಯ ತಲೆಗೆ ಬಿತ್ತು. ಆತ ಹಳೆಯ ವಾಡಿಕೆಯಂತೆಯೇ ಬರೆದ. ನಮ್ಮಲ್ಲಿ ಬ್ರಷ್ ಮಾಡಿದವರು ಹಿಡಿಯ ತುದಿಯಲ್ಲಿ ಕಾದ ಕಂಬಿಯಿಂದ ತಮ್ಮದೊಂದು ಗುರುತು ಸುಡುತ್ತಾರೆ. ಒಬ್ಬರದು ಎಲೆ, ಒಬ್ಬರದು ಮೀನು, ಮೇಸ್ತ್ರಿಯದು ಒಂದು ಹನಿ. ಗುರುತಿದ್ದವರಿಗೆ ಬೋನಸ್. ಇಪ್ಪತ್ತೆರಡು ಗುರುತು, ಇಪ್ಪತ್ತೆರಡು ಹೆಸರು.

ಸಂಬಳದ ಗುಮಾಸ್ತೆ ಆತನ ಸ್ವಂತ ತಂಗಿಯ ಮಗಳು. ಬ್ರಷ್ ಮಾಡುತ್ತಲೇ ಲೆಕ್ಕಕ್ಕೆ ಬಂದವಳು, ಅವಳಿಗೂ ಒಂದು ಗುರುತಿತ್ತು. ಪಟ್ಟಿ ನೋಡಿದವಳೇ ಸಂಜೆ ಮನೆಗೆ ಬಂದಳು.

“ಮಾವ, ನಾಳೆ ಈ ಪಟ್ಟಿ ಹೋಗ್ಬೇಕು. ಇಪ್ಪತ್ಮೂರು ಜನ ಅಲ್ವಾ ನಾವು? ಗುಡಿಸೋ ಅಕ್ಕ ಎಲ್ಲಿ?”

“ಅವಳೇನು ಬ್ರಷ್ ಮಾಡ್ತಾಳಾ? ಬರೋದೇ ಅರ್ಧ ದಿನ. ಗುರುತೇ ಇಲ್ಲ ಅವಳಿಗೆ.”

“ಸಂಬಳದ ಪುಸ್ತಕದಲ್ಲಿ ಇದಾಳಲ್ಲ, ಅಷ್ಟು ಸಾಕು. ನಮ್ಮಂಥ ಟ್ರಸ್ಟಿನ ಕಂಪನಿ ಕೊಡೋ ಬೋನಸ್ಸಿಗೆ ಒಂದು ಮಿತಿವರೆಗೂ ಆದಾಯ ತೆರಿಗೆ ಬೀಳಲ್ಲ. ಆದ್ರೆ ಕೆಲಸದಲ್ಲಿರೋ ಎಲ್ಲರಿಗೂ ಒಂದೇ ನಿಯಮದಲ್ಲಿ ಕೊಡ್ಬೇಕು. ಹೀಗೆ ಒಬ್ಬರನ್ನ ಬಿಟ್ರೆ ಎಲ್ಲರ ವಿನಾಯಿತಿನೂ ಕೈತಪ್ಪುತ್ತೆ. ನಿಮ್ಮದೂ.”

“ನನ್ನ ಕಿವಿಗೆ ಹೂ ಇಡಬೇಡ ಕಣೇ. ತೆರಿಗೆಯವರು ಹಾಗೆಲ್ಲ ಸುಮ್ನೆ ಬಿಡ್ತಾರಾ?”

“ನಿಯಮದ ಪುಸ್ತಕ ತಂದಿದೀನಿ, ಕನ್ನಡಕ ಹಾಕ್ಕೊಳ್ಳಿ. ಬೇರೆ ಕಡಿತ ಇದ್ದೇ ಇರುತ್ತೆ, ಅದನ್ನ ಮುಚ್ಚಿಡಲ್ಲ. ಆದಾಯ ತೆರಿಗೆ ಮಾತ್ರ ಉಳಿಯುತ್ತೆ.”

ಆತ ಓದಿದ. ಬೆರಳಿಟ್ಟುಕೊಂಡು ಇನ್ನೊಮ್ಮೆ ಓದಿದ.

“ಹಾಗಾದ್ರೆ ಅರ್ಧ ದಿನದವಳಿಗೂ ನನ್ನಷ್ಟೇ ಕೊಡ್ಬೇಕಾ?”

“ಕೆಲಸದ ಗಂಟೆ ನೋಡಿ ಹಂಚಬಹುದು. ಆ ಲೆಕ್ಕ ಎಲ್ಲರಿಗೂ ಒಂದೇ ಇರ್ಬೇಕು, ಅಷ್ಟೆ. ಹೆಸರು ಬಿಡೋ ಹಾಗಿಲ್ಲ.”

ಅಷ್ಟು ಹೊತ್ತೂ ಇಬ್ಬರ ತುಟಿಗಳನ್ನೇ ನೋಡುತ್ತಿದ್ದ ಹೆಂಡತಿ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

“ಯಾರನ್ನ ಬಿಟ್ಟಿದೀರಿ? ಗುಡಿಸೋಳನ್ನಾ? ನಾನು ಊಟದ ಡಬ್ಬಿ ತಂದಾಗ ಗೇಟಲ್ಲಿ ಎಲ್ರೂ ಕೈಬೀಸಿ ಒಳಗೆ ಹೋಗ್ತಾರೆ. ಅವಳೊಬ್ಬಳೇ ಪೊರಕೆ ಕೆಳಗಿಟ್ಟು, ನನ್ನೆದುರು ನಿಂತು, ನಿಧಾನಕ್ಕೆ ಮಾತಾಡ್ಸೋದು.”

ಮೇಸ್ತ್ರಿಗೆ ನಾಚಿಕೆಯಾಯಿತು. ನಮ್ಮ ಮೇಸ್ತ್ರಿ ಮಹಾ ಹಠಮಾರಿ. ಆದರೆ ತಪ್ಪು ತಿಳಿದ ಮೇಲೆ ಅದನ್ನು ಅಪ್ಪಿಕೊಂಡು ಕೂರುವವನಲ್ಲ, ಅದಕ್ಕೇ ಆತನನ್ನು ಕಂಡರೆ ನಮಗೆಲ್ಲ ಇಷ್ಟ. ಅಲ್ಲೇ ಇಪ್ಪತ್ತಮೂರನೆಯ ಹೆಸರು ಬರೆದ. ಮಾರನೆಯ ದಿನ ಗುಡಿಸುವ ಅಕ್ಕನ ಪೊರಕೆಯ ಕೋಲಿಗೊಂದು ಗುರುತನ್ನೂ ಸುಟ್ಟುಕೊಟ್ಟ. ಆಕೆ ಗುಬ್ಬಿ ಕೇಳಿದ್ದಳು. ಆಗಿರುವುದು ಕೋಳಿಯ ಹಾಗಿದೆ, ಆತನಿಗೆ ಯಾರೂ ಹೇಳಿಲ್ಲ.

ಬೋನಸ್ಸಿನಲ್ಲಿ ಆದಾಯ ತೆರಿಗೆ ಕಡಿತವಾಗಲಿಲ್ಲ. ಕೆಲವು ದಿನಗಳಲ್ಲೇ ಮೇಸ್ತ್ರಿಯ ಹೆಂಡತಿ ಹೊಸ ಯಂತ್ರ ಹಾಕಿಕೊಂಡು ಡಬ್ಬಿ ತಂದಳು. ಗೇಟಿನ ಬಳಿ ತಟ್ಟನೆ ನಿಂತು, “ಇದೇನು ಸದ್ದು?” ಎಂದಳು. ಗುಡಿಸುವ ಅಕ್ಕ ಪೊರಕೆ ಎತ್ತಿ ತೋರಿಸಿದಳು.

“ಇನ್ನೊಂದ್ಸಲ ಗುಡಿಸು,” ಎಂದಳು ಮೇಸ್ತ್ರಿಯ ಹೆಂಡತಿ, ಕಣ್ಣು ತುಂಬಿಕೊಂಡು. ಅಕ್ಕ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಂಪನಿಯೂ ಕೆಲಸಗಾರರದ್ದೇ ಆಗಿದ್ದರೆ ಬೋನಸ್ಸಿಗೆ ತೆರಿಗೆ ವಿನಾಯಿತಿ ಇದೆಯೇ, ಮಿತಿಯೆಷ್ಟು, ಷರತ್ತೇನು ಎಂದು ಸಂಬಳದ ವಿಭಾಗದಲ್ಲಿ ಕೇಳಿ. ನಿಯಮ ಎಲ್ಲ ದೇಶಗಳಲ್ಲೂ ಒಂದೇ ಇರುವುದಿಲ್ಲ, ಕೆಲವೆಡೆ ಈ ವಿನಾಯಿತಿಯೇ ಇಲ್ಲ, ಆದ್ದರಿಂದ ಹಂಚುವ ಮೊದಲೇ ಕೇಳಿ. ಆಮೇಲೆ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿಸಿ. ಬೆಳಗ್ಗೆ ನಿಮಗಿಂತ ಮೊದಲು ಬಂದು ನಿಮ್ಮ ಜಾಗ ಗುಡಿಸಿಡುವವರ ಹೆಸರು ಅದರಲ್ಲಿ ಕೇಳಿಸಿತೇ?