ದಾಕ್ಷಾಯಿಣಮ್ಮ ಹತ್ತದ ಜೀಪು

ಗ್ಯಾರೇಜಿನಿಂದ ಹಿಂದಿರುಗಿದ ಜೀಪನ್ನು ಮನೆಯ ಮುಂದೆ ನಿಲ್ಲಿಸಿದ ಜಂಬುಲಿಂಗಪ್ಪನವರು ಕೂಡಲೇ ಒಳಗೆ ಹೋಗಲಿಲ್ಲ. ಬೀದಿಯ ಆಚೆ ಬದಿಗೆ ದಾಟಿ, ಸೊಂಟದ ಮೇಲೆ ಕೈಯಿಟ್ಟು, ಅಲ್ಲಿಂದ ಅದನ್ನು ನೋಡಿದರು. ಹಲವು ವರ್ಷಗಳಿಂದ ಮುದಿ ಎಮ್ಮೆಯ ಹಾಗೆ ಹೊಟ್ಟೆಯನ್ನು ನೆಲದತ್ತ ಜೋಲಿಸಿಕೊಂಡು ಓಡಾಡುತ್ತಿದ್ದ ಗಾಡಿ ಈಗ ನಾಲ್ಕು ಚಕ್ರಗಳ ಮೇಲೆ ಎದೆ ಸೆಟೆಸಿ ನಿಂತಿತ್ತು. ಎದುರುಮನೆಯ ನಾಯಿಯೊಂದು ತಲೆಯನ್ನೂ ತಗ್ಗಿಸದೆ ಅದರ ಕೆಳಗಿನಿಂದ ಹಾದುಹೋಯಿತು. ಜಂಬುಲಿಂಗಪ್ಪನವರ ಮೀಸೆಯ ಕೆಳಗೆ ನಗು ಮೂಡಿತು.

ಚಳ್ಳಕೆರೆಯ ಎಣ್ಣೆ ಗಿರಣಿಯನ್ನು ತಮ್ಮನ ಮಕ್ಕಳಿಗೆ ವಹಿಸಿಕೊಟ್ಟ ಮೇಲೆ ಅವರ ಕೈಯಲ್ಲಿ ಉಳಿದ ಯಂತ್ರ ಇದೊಂದೇ. ಅದಕ್ಕಿದ್ದ ಕೆಲಸವೂ ಒಂದೇ. ಹೆಂಡತಿ ದಾಕ್ಷಾಯಿಣಮ್ಮನ ಅಕ್ಕ ವೀರಮ್ಮ, ಮೊಳಕಾಲ್ಮೂರು ದಾಟಿ, ಜಟಿಂಗ ರಾಮೇಶ್ವರ ಬೆಟ್ಟದ ತಪ್ಪಲಿನ ತೋಟದ ಮನೆಯಲ್ಲಿದ್ದಳು. ಸೊಂಟದ ಮೂಳೆ ಮುರಿದಂದಿನಿಂದ ಆಕೆಗೆ ಮಂಚವೇ ಪ್ರಪಂಚ. ಸೊಸೆ ಎಲ್ಲ ಆರೈಕೆಯನ್ನೂ ಮಾಡುತ್ತಿದ್ದಳು. ತಲೆಯನ್ನು ಮಾತ್ರ ವೀರಮ್ಮ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತಂಗಿ ಬಂದು ಎಣ್ಣೆಯೊತ್ತಿ, ಸೀಗೆಪುಡಿ ಹಾಕಿ ಎರೆದು, ಸಿಕ್ಕು ಬಿಡಿಸಿ ಹೆಣೆಯುವ ತನಕ ಕೂದಲಿಗೆ ಬಟ್ಟೆ ಸುತ್ತಿಕೊಂಡು ಕಾಯುವುದು ಆಕೆಯ ಹಟ. ತಿಂಗಳಿಗೆ ಎರಡು ಗುರುವಾರ ದಂಪತಿಗಳು ಈ ಕಾರಣಕ್ಕಾಗಿ ಹೊರಡುತ್ತಿದ್ದರು.

ಆ ಮನೆ ಸಿಗುವ ಮೊದಲು ಗುಂಡುಗಲ್ಲುಗಳ ಹಳ್ಳವೊಂದು ಅಡ್ಡವಿತ್ತು. ಹಿಂದೊಮ್ಮೆ ಅಲ್ಲಿಯ ಕಲ್ಲೊಂದು ಜೀಪಿನ ತಳವನ್ನು ಸೀಳಿ ಆಯಿಲನ್ನೆಲ್ಲ ಚೆಲ್ಲಿಸಿತ್ತು. ಹತ್ತುವಾಗ ಕಾಲಿಡುವ ಫುಟ್‌ಬೋರ್ಡನ್ನು ಆ ಹಳ್ಳ ಅದಕ್ಕೂ ಮೊದಲೇ ಕಿತ್ತು ನುಂಗಿತ್ತು. ಆ ವರ್ಷವೇ ಬಳ್ಳಾರಿ ರಸ್ತೆಯ ಮೆಕ್ಯಾನಿಕ್ ರಾಮಾಂಜನೇಯನ ಕೈಯಲ್ಲಿ ಅವರು ಗಾಡಿಯನ್ನು ಎತ್ತರಿಸಿದ್ದರು. ಗಾಡಿಯ ಭಾರ ಹೊರುವ, ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿಗೆ ಗ್ಯಾರೇಜಿನವರು ಬ್ಲೇಡು ಎನ್ನುತ್ತಾರೆ. ಅವುಗಳ ಕಟ್ಟಿಗೆ ಇನ್ನೆರಡು ಬ್ಲೇಡು ಸೇರಿದವು. ಕಟ್ಟನ್ನು ಗಾಡಿಯ ಅಡಿಚೌಕಟ್ಟಾದ ಚಾಸಿಗೆ ತಗುಲಿಸುವ ಗಿಡ್ಡ ಶಾಕಲ್‌ಗಳ ಜಾಗಕ್ಕೆ ಉದ್ದನೆಯವು ಬಂದವು. ಆದರೆ ಉಕ್ಕಿಗೂ ಆಯುಸ್ಸಿದೆ. ವರ್ಷ ಕಳೆದಂತೆ ಕಮಾನು ಚಪ್ಪಟೆಯಾಯಿತು, ಕೀಲುಗಳೊಳಗಿನ ರಬ್ಬರ್ ಬುಶ್ಶುಗಳು ಸವೆದು ಕಿರುಗುಟ್ಟಿದವು, ಗಾಡಿ ಕುಸಿಯಿತು.

ಹೊಸ ಸಾಮಾನು ತರಿಸೋಣವೆಂದು ರಾಮಾಂಜನೇಯ ಹೇಳಿದಾಗ ಜಂಬುಲಿಂಗಪ್ಪನವರು ಅವನನ್ನು ನೇರವಾಗಿ ಗುಜರಿ ಅಂಗಡಿಗೆ ಕರೆದೊಯ್ದಿದ್ದರು. ಮೂಲೆ ಸೇರಿದ್ದ ಟೆಂಪೋ ಒಂದರಿಂದ ಬಿರುಕಿಲ್ಲದ ಬ್ಲೇಡುಗಳನ್ನು ಒಂದೊಂದಾಗಿ ಬಡಿದು, ನಾದ ಕೇಳಿ, ಆರಿಸಿದರು. ಕಮ್ಮಾರನ ಕುಲುಮೆಯಲ್ಲಿ ಕಾಯಿಸಿ ಹೊಸ ಬಾಗು ಕೊಡಿಸಿದರು. ಸವೆದ ಹಳೆಯ ಬ್ಲೇಡುಗಳನ್ನು ಗುಜರಿಯವನಿಗೇ ಬದಲಿಗೆ ಕೊಟ್ಟರು. ಬುಶ್ಶುಗಳನ್ನು ಮಾತ್ರ ಹೊಸದು ಕೊಂಡರು, ಅದೂ ರಾಮಾಂಜನೇಯ "ರಬ್ಬರ್‌ನಾಗೆ ಉಳಿಸೋಕೆ ಹೋಗ್ಬ್ಯಾಡ್ರಿ ಸಾವ್ಕಾರ್ರೆ, ಹಲ್ಲು ಉದುರ್ತಾವೆ" ಎಂದು ಕೈಮುಗಿದ ಮೇಲೆ.

"ಹೆಂಗೈತೆ?" ಎಂದು ಅವರು ಬಾಗಿಲಿಗೆ ಬಂದ ಹೆಂಡತಿಯನ್ನು ಕೇಳಿದರು.

ದಾಕ್ಷಾಯಿಣಮ್ಮ ಜೀಪನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. "ಎತ್ತರ ಆಗೈತಲ್ಲ."

"ಆಗ್ಬೇಕಲ್ಲ! ಇಷ್ಟೆಲ್ಲ ಮಾಡ್ಸಿದ್ದು ಮತ್ಯಾತಕ್ಕೆ?"

ಗುರುವಾರ ಬಂತು. ಎಣ್ಣೆಯ ಸೀಸೆ, ಸೀಗೆಪುಡಿಯ ಡಬ್ಬಿ, ಮರದ ಹಣಿಗೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ದಾಕ್ಷಾಯಿಣಮ್ಮ ಹೊರಬಂದಳು. ಜಂಬುಲಿಂಗಪ್ಪನವರು ಆಗಲೇ ಸ್ಟಿಯರಿಂಗ್ ಹಿಡಿದು ಕುಳಿತಿದ್ದರು. ಆಕೆ ಎಡಗಡೆಯ ಕಂಬಿಯ ಮೇಲೆ ಕೈಯಿಟ್ಟಳು. ಬೀದಿಯ ಆ ತುದಿಯನ್ನು ನೋಡಿದಳು, ಈ ತುದಿಯನ್ನು ನೋಡಿದಳು. ಕೈ ತೆಗೆದಳು.

"ಇವತ್ತು ಬ್ಯಾಡ ಬಿಡ್ರಿ."

"ಯಾಕೆ? ಅಲ್ಲಿ ನಿಮ್ಮಕ್ಕ ಕಾಯ್ತಿರಲ್ವಾ?"

"ಸೋಮವಾರ ಸುತ್ತಿಗೆ ಬಿದ್ದ ಗಾಡಿ ಇದು. ಎತ್ತಿಗೇ ನೊಗ ಹಾಕದ ದಿನ, ನೀವು ಇದಕ್ಕೆ ಬೆಂಕಿ ಹಾಕ್ಸಿದ್ರಿ. ಮನಸ್ಸು ಒಪ್ತಿಲ್ಲ."

ಜಂಬುಲಿಂಗಪ್ಪನವರು ಬೆರಗಾದರು. ಬಸವಣ್ಣನ ವಾರವೆಂದು ಎತ್ತಿಗೆ ಬಿಡುವು ಕೊಡುವುದು ಮನೆತನದ ನಡೆ, ನಿಜ. ಆದರೆ ಗಿರಣಿಯ ಗಾಣಗಳು ಸೋಮವಾರವೂ ತಿರುಗುತ್ತಿದ್ದವು. ಆ ಬಗ್ಗೆ ಆಕೆ ಎಂದೂ ತುಟಿ ಬಿಚ್ಚಿರಲಿಲ್ಲ. ಆದರೂ ಮರುದಿನ ಬಾನೆಟ್ಟಿಗೆ ವಿಭೂತಿ ಬಳಿದು, ಕಾಯಿ ಒಡೆದು, ಚಕ್ರಕ್ಕೊಂದರಂತೆ ನಿಂಬೆಹಣ್ಣು ತುಳಿಸಿದರು. ಆಕೆ ಬಂದಳು, ಕಂಬಿ ಹಿಡಿದಳು, ನಿಂತಳು. ಗ್ರೀಸಿನ ವಾಸನೆಗೆ ತಲೆ ಸುತ್ತುತ್ತದೆ ಎಂದು ಒಳಗೆ ಹೋದಳು. ಇನ್ನೆರಡು ದಿನ ಬಿಟ್ಟು ಕೇಳಿದಾಗ ಕಾರಣ ಬೇರೆಯಾಗಿತ್ತು.

"ಕುಲುಕಾಟ ಜಾಸ್ತಿ."

"ಹತ್ತೇ ಇಲ್ವಲ್ಲೇ! ಕುಲುಕಾಟ ಹೆಂಗೆ ಗೊತ್ತಾಯ್ತು?"

"ನೋಡಿದ್ರೆ ಗೊತ್ತಾಗಲ್ವಾ?"

ಅವರು ಜೀಪನ್ನು ರಾಮಾಂಜನೇಯನ ಬಳಿಗೆ ಕೊಂಡೊಯ್ದರು.

"ಅಮ್ಮಾರು ಯಾವ ರೋಡ್ನಾಗೆ ಕುಲುಕ್ತು ಅಂದ್ರು?" ಎಂದು ಅವನು ಕೇಳಿದ.

"ಯಾವ ರೋಡೂ ಇಲ್ಲ. ಮನೆ ಮುಂದೆ."

"ನಿಂತ ಗಾಡಿ?"

"ನಿಂತ ಗಾಡಿ."

ರಾಮಾಂಜನೇಯ ಕೈಯೊರೆಸುವ ಬಟ್ಟೆಯನ್ನು ಹೆಗಲಿನಿಂದ ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡ. "ನಾನೀಗ ಏನ್ ಬಿಚ್ಲಿ ಸಾವ್ಕಾರ್ರೆ?"

ಆದರೂ ಇಬ್ಬರೂ ಬಿಡಲಿಲ್ಲ. ಹಿಂಡಿಯ ಮೂಟೆಗಳನ್ನು ಹೇರಿ, ಚೊಂಬು ತುಂಬ ನೀರನ್ನು ಮುಂದಿನ ಸೀಟಿನಲ್ಲಿಟ್ಟು, ನಾಯಕನಹಟ್ಟಿಯ ದಾರಿಯಲ್ಲಿ ಬೇಕೆಂದೇ ಗುಂಡಿಗಳಿಗೆ ಇಳಿಸಿದರು. ನೀರು ತುಳುಕಿತೇ ಹೊರತು ಚೆಲ್ಲಲಿಲ್ಲ. ರಾಮಾಂಜನೇಯ ಚೊಂಬನ್ನು ಎತ್ತಿ ಗಟಗಟನೆ ಕುಡಿದು, "ಗಾಡಿ ಸರಿಯೈತೆ. ಮಿಕ್ಕಿದ್ದು ನಮ್ ಗ್ಯಾರೇಜಿನ ಕೆಲ್ಸ ಅಲ್ಲ" ಎಂದ.

ಹಾಗಾದರೆ ಯಾರ ಕೆಲಸ? ಜಂಬುಲಿಂಗಪ್ಪನವರು ತಮ್ಮ ನಾಲಿಗೆಯನ್ನೇ ವಿಚಾರಣೆಗೆ ಒಳಪಡಿಸಿದರು. ಸಾರಿಗೆ ಉಪ್ಪಿಲ್ಲವೆಂದದ್ದು ನೆನಪಾಯಿತು. ತವರಿನವರ ಲೆಕ್ಕಾಚಾರವನ್ನು ಆಡಿಕೊಂಡದ್ದೂ ನೆನಪಾಯಿತು. ಆದರೆ ಆ ಮಾತುಗಳಿಗೆ ಆಕೆ ಆಗಿಂದಾಗಲೇ ಬಡ್ಡಿ ಸಮೇತ ಉತ್ತರ ಕೊಟ್ಟಾಗಿತ್ತು. ಕೋಪವಿದ್ದರೆ ರೊಟ್ಟಿ ಬಡಿಯುವ ಸದ್ದಿನಲ್ಲಿ ತಿಳಿಯುತ್ತಿತ್ತು. ಸದ್ದು ಎಂದಿನಂತೆಯೇ ಇತ್ತು.

ಅಷ್ಟರಲ್ಲಿ ವೀರಮ್ಮನ ಫೋನು ಬಂತು.

"ಏನ್ರಿ, ನನ್ ತಂಗೀನ ಯಾವ ಕೋಣ್ಯಾಗೆ ಕೂಡಿಹಾಕಿದೀರಿ? ತಲೆ ಜಡೆಗಟ್ಟಿ ಜೋಗಮ್ಮ ಆಗೀನಿ. ಇನ್ನೊಂದ್ ವಾರ ಬಿಟ್ರೆ ಊರೋರು ಬಂದು ಕಾಲಿಗ್ ಬೀಳ್ತಾರೆ, ನಾನು ಬಂಡಾರ ಹಚ್ಚಬೇಕಾಗ್ತೈತೆ!"

ನಗುತ್ತಲೇ ಅವರು ಫೋನನ್ನು ಹೆಂಡತಿಗೆ ಕೊಟ್ಟರು. ದಾಕ್ಷಾಯಿಣಮ್ಮ "ಬರ್ತೀನಕ್ಕ, ಬರ್ತೀನಿ" ಎಂದಷ್ಟೇ ಹೇಳಿ, ಸೆರಗಿನಿಂದ ಕಣ್ಣೊತ್ತಿಕೊಂಡಳು. ಜಂಬುಲಿಂಗಪ್ಪನವರ ನಗು ನಿಂತಿತು. ಹೋಗಲು ಮನಸ್ಸಿದೆ; ಹೋಗಲು ಗಾಡಿಯಿದೆ; ಹೋಗುತ್ತಿಲ್ಲ. ಎಂಥ ಗೋಜಲಿನ ವ್ಯವಹಾರವನ್ನೂ ಬಿಡಿಸಿದ ಅವರ ಬುದ್ಧಿ ಇಲ್ಲಿ ಎಲ್ಲಿ ಕೈಹಾಕಬೇಕೆಂದು ತಿಳಿಯದೆ ಸುಮ್ಮನಾಯಿತು.

ಮುಂದಿನ ಗುರುವಾರ ಬೆಳಿಗ್ಗೆ ಮನೆಯ ಮುಂದೆ ಈರುಳ್ಳಿ ಸಾಗಿಸುವ ಪಾತಣ್ಣನ ಲಗೇಜ್ ಆಟೊ ನಿಂತಿತ್ತು. ನೆಲಕ್ಕೆ ತಗ್ಗಾಗಿದ್ದ ಹಿಂಭಾಗದ ತೊಟ್ಟಿಯಲ್ಲಿ, ಖಾಲಿ ಚೀಲಗಳ ನಡುವೆ ಮಡಿಚಿದ ಕಂಬಳಿಯ ಮೇಲೆ ದಾಕ್ಷಾಯಿಣಮ್ಮ ಬುಟ್ಟಿ ಹಿಡಿದು ಕುಳಿತಿದ್ದಳು.

"ಎಣ್ಣೆ ಗಿರಣಿ ಮನೆ ಹೆಂಗ್ಸು ಈರುಳ್ಳಿ ಗಾಡ್ಯಾಗೆ!" ಎಂದು ಅವರು ದನಿ ತಗ್ಗಿಸಿ ಗದರಿದರು. "ಬಸ್ಸಾದ್ರೂ ಇರ್ಲಿಲ್ವಾ?"

"ಬಸ್ಸೂ ಬ್ಯಾಡ. ಹೋಗಪ್ಪ ಪಾತಣ್ಣ."

ಆಟೊ ಹೊಗೆಯುಗುಳುತ್ತ ಹೊರಟಿತು. ಮರ್ಯಾದೆಯೋ, ಆತಂಕವೋ, ಯಾವುದು ತಮ್ಮನ್ನು ತಳ್ಳಿತೆಂದು ತಿಳಿಯದೆ ಜಂಬುಲಿಂಗಪ್ಪನವರು ಜೀಪನ್ನು ಅದರ ಹಿಂದೆಯೇ ಬಿಟ್ಟರು. ತಳಕು ದಾಟಿದರು, ಮೊಳಕಾಲ್ಮೂರು ದಾಟಿದರು. ಮುಂದಿನ ಆಟೊದಲ್ಲಿ ಹೆಂಡತಿ ಹಿಮ್ಮುಖವಾಗಿ ಕುಳಿತಿದ್ದರಿಂದ ದಾರಿಯುದ್ದಕ್ಕೂ ಗಂಡಹೆಂಡಿರು ಪರಸ್ಪರ ಮುಖ ನೋಡಿಕೊಂಡೇ ಸಾಗಬೇಕಾಯಿತು, ಒಬ್ಬರೂ ಕೈಯಾಡಿಸಲಿಲ್ಲ.

ಹಳ್ಳದ ಅಂಚಿನಲ್ಲಿ ಆಟೊ ನಿಂತಿತು.

"ಅಮ್ಮಾ, ಇಲ್ಲಿಂದಾಚೆಗೆ ಹೋದ್ರೆ ನನ್ ಗಾಡಿ ವಾಪಸ್ ಬರಲ್ಲ. ಬಂದ್ರೂ ಚೀಲದಾಗೆ ತುಂಬ್ಕೊಂಡು ಬರ್ಬೇಕು" ಎಂದ ಪಾತಣ್ಣ.

ದಾಕ್ಷಾಯಿಣಮ್ಮ ಸಲೀಸಾಗಿ ಇಳಿದಳು. ಆಚೆ ದಡದಿಂದ ತೋಟದ ಮನೆಗೆ ಇನ್ನೂ ದೂರವಿತ್ತು, ನಡುವೆ ಗುಂಡುಗಲ್ಲುಗಳು. ಆಕೆ ಬುಟ್ಟಿಯನ್ನು ಎದೆಗೊತ್ತಿಕೊಂಡು ನಿಂತಳು. ಜಂಬುಲಿಂಗಪ್ಪನವರು ಆಟೊವನ್ನು ಬಳಸಿ ಜೀಪನ್ನು ಹಳ್ಳಕ್ಕಿಳಿಸಿ, ದಡದ ಪಕ್ಕದಲ್ಲೇ ನಿಲ್ಲಿಸಿದರು.

"ಬಾ, ಹತ್ತು. ಸೋಮವಾರದ್ದು ಆಮೇಲೆ ನೋಡೋಣ."

ಆಕೆ ಜೀಪನ್ನು ನೋಡಿದಳು, ದಡವನ್ನು ನೋಡಿದಳು. "ಇನ್ನೊಂದ್ ಚೂರು ಮುಂದಕ್ಕೆ ಬಿಡ್ರಿ."

"ಯಾಕೆ?"

"ಬಿಡ್ರಿ ಅಂದ್ರೆ ಬಿಡ್ರಿ."

ಅವರು ಬಿಟ್ಟರು. ಅಲ್ಲಿ ದಡದ ಮಣ್ಣು ಹೆಚ್ಚುಕಡಿಮೆ ಜೀಪಿನ ತಳದಷ್ಟೇ ಎತ್ತರವಿತ್ತು. ದಾಕ್ಷಾಯಿಣಮ್ಮ ದಡದ ಅಂಚಿಗೆ ಬಂದು, ಬುಟ್ಟಿಯನ್ನು ಒಳಗಿಟ್ಟಳು. ಬಳಿಕ ಸೀರೆಯ ಮೇಲಿನಿಂದಲೇ ತನ್ನ ಎಡಮಂಡಿಯನ್ನು ಎರಡು ಕೈಗಳಲ್ಲಿ ಹಿಡಿದು, ತುಂಬಿದ ಕೊಡವನ್ನು ಎತ್ತಿಡುವಂತೆ ಕಾಲನ್ನು ಎತ್ತಿ ಒಳಗಿಟ್ಟಳು. ಕಂಬಿ ಹಿಡಿದು ಮಿಕ್ಕ ದೇಹವನ್ನು ಎಳೆದುಕೊಂಡಳು. ಕುಳಿತಳು. ಎದುರಿಗೆ ನೋಡಿದಳು.

ಜಂಬುಲಿಂಗಪ್ಪನವರ ಕೈ ಗೇರಿನ ಮೇಲೆಯೇ ಉಳಿಯಿತು. ಹಿತ್ತಿಲಿನ ಮೆಟ್ಟಿಲುಗಳನ್ನು ಆಕೆ ಇತ್ತೀಚೆಗೆ ಒಂದೊಂದರ ಮೇಲೂ ಎರಡು ಪಾದಗಳನ್ನೂರಿ ಇಳಿಯುವುದನ್ನು ಅವರು ದಿನವೂ ನೋಡಿದ್ದರು. ಹಾಗೆ ನೋಡಿದ್ದು ಈಗ ನೆನಪಾಯಿತು. ಆಕೆಯ ಮಂಡಿ ವರ್ಷದಿಂದ ವರ್ಷಕ್ಕೆ ಎಷ್ಟು ಬಿಗಿದಿತ್ತೋ, ಜೀಪು ಅಷ್ಟಷ್ಟೇ ಕುಸಿಯುತ್ತ ಬಂದಿತ್ತು. ಆ ಕುಸಿತವನ್ನು ಅವರು ಕುಲುಮೆಗೆ ಹಾಕಿ ಸರಿಪಡಿಸಿಬಿಟ್ಟಿದ್ದರು. ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ಆಕೆಗೇನು ಅಡ್ಡಿಯಾಗಿತ್ತು ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಕೇಳಬೇಕೆಂದು ಬಾಯಿ ತೆರೆದರು. ಬಂದದ್ದು ಬೇರೆ ಮಾತು.

"ಗ್ರೀಸ್ ವಾಸ್ನೆ ಹೆಂಗೈತೆ?"

"ಹೋಗೈತೆ" ಎಂದಳು ದಾಕ್ಷಾಯಿಣಮ್ಮ.

ಹತ್ತಿದವರು ಇಳಿಯಲೂ ಬೇಕಲ್ಲ. ತೋಟದ ಮನೆಯ ಅಂಗಳದಲ್ಲಿ ಜಂಬುಲಿಂಗಪ್ಪನವರು ಎಂದಿನ ಜಾಗದಲ್ಲಿ ನಿಲ್ಲಿಸದೆ ಗಾಡಿಯನ್ನು ಒಂದು ಸುತ್ತು ತಿರುಗಿಸಿದರು. ದನದ ಬಾನಿಯ ಬಳಿ ನಿಲ್ಲಿಸಿ, ಸಾಲದೆಂದು ಹಿಂದಕ್ಕೆ ಬಂದರು. ಕೋಳಿಗಳು ಚೆಲ್ಲಾಪಿಲ್ಲಿಯಾದವು. ಕೊನೆಗೆ ಮೇವಿನ ಬಣವೆಯ ಕಲ್ಲುಕಟ್ಟೆಗೆ ಎಡಬದಿಯನ್ನು ಒತ್ತಿ ನಿಲ್ಲಿಸಿದರು. ಪಡಸಾಲೆಯ ಮಂಚದಿಂದ ವೀರಮ್ಮ ಕೂಗಿದಳು:

"ಏನ್ರಿ ಇದು, ಬಣವೆಗೂ ಜೀಪಿಗೂ ಲಗ್ನ ಮಾಡ್ತೀರಾ?"

"ನೆರಳೈತೆ ಇಲ್ಲಿ."

"ನೆರಳು ಆ ಕಡೀಗೈತೆ!"

ದಾಕ್ಷಾಯಿಣಮ್ಮ ಕಟ್ಟೆಯ ಮೇಲೆ ಕಾಲಿಟ್ಟು, ಅದರ ಇಳಿಜಾರಿನಲ್ಲಿ ನಿಧಾನವಾಗಿ ಅಂಗಳಕ್ಕಿಳಿದಳು. ಗಂಡನ ಕಡೆಗೆ ಒಮ್ಮೆ ತಿರುಗಿ ನೋಡಿ, ಅಕ್ಕನ ತಲೆಯ ಬಟ್ಟೆ ಬಿಚ್ಚಲು ಹೋದಳು.

ಮರುದಿನ ಜಂಬುಲಿಂಗಪ್ಪನವರು ಉಗ್ರಾಣದಲ್ಲಿ ಕಾಪಿಟ್ಟಿದ್ದ ಗೋಣಿಚೀಲವೊಂದನ್ನು ಗ್ಯಾರೇಜಿನ ಬೆಂಚಿನ ಮೇಲೆ ಸುರಿದರು. ಜೀಪಿನ ಮೂಲದ ಗಿಡ್ಡ ಶಾಕಲ್‌ಗಳು ಅದರಲ್ಲಿದ್ದವು.

"ಇವನ್ನ ಹಾಕು. ಬ್ಲೇಡೂ ಎರಡೆರಡು ತೆಗಿ."

"ಇಳಿಸ್ಬೇಕಾ?" ರಾಮಾಂಜನೇಯ ಸ್ಪ್ಯಾನರನ್ನು ಕೆಳಗಿಟ್ಟ. "ಎತ್ತು, ಇನ್ನೂ ಎತ್ತು ಅಂತ ಮೊನ್ನೆ ನನ್ ಜೀವ ತೆಗೆದೋರು ನೀವಲ್ವಾ?"

"ಗಾಳಿಗೆ ಒಲೀತೈತೆ."

"ಮೂಟೆ ಹೇರಿ ನೋಡಿದ್ವಲ್ರಿ, ಚೊಂಬಿನ ನೀರೂ ಚೆಲ್ಲಲಿಲ್ಲ."

ಜಂಬುಲಿಂಗಪ್ಪನವರು ತುಸು ಯೋಚಿಸಿದರು. "ಎದುರುಮನೆ ನಾಯಿ ಕೆಳಗೆ ಬಂದು ಮಲಗ್ತೈತೆ."

"ನಾಯಿಗೋಸ್ಕರ ಜೀಪು ಇಳಿಸ್ತೀರಾ?"

"ಹೌದು."

"ಹಳ್ಳದಾಗೆ ಕಲ್ಲು ಬಡೀತಾವೆ."

"ಇಳಿದು ಎತ್ತಿ ಹಾಕ್ತೀನಿ. ನನಗೆ ಮಂಡಿ ಗಟ್ಟಿ ಅದಾವೆ."

ರಾಮಾಂಜನೇಯನಿಗೆ ತಲೆಬುಡ ತಿಳಿಯಲಿಲ್ಲ. ಅಳತೆಯ ಟೇಪನ್ನು ಎಳೆದು ಹಿಡಿದು, "ಎಷ್ಟಕ್ಕೆ ಇಳಿಸ್ಲಿ, ಅದನ್ನಾದ್ರೂ ಹೇಳ್ರಿ" ಎಂದ.

ಅಳತೆ ಜಂಬುಲಿಂಗಪ್ಪನವರಿಗೂ ಗೊತ್ತಿರಲಿಲ್ಲ. ಅವರು ಜೀಪಿನ ಎಡಗಡೆಗೆ ಹೋಗಿ, ಕಂಬಿಯ ಮೇಲೆ ಕೈಯಿಟ್ಟರು. ಕಣ್ಣು ಮುಚ್ಚಿ ಹಿತ್ತಿಲಿನ ಮೆಟ್ಟಿಲನ್ನು ನೆನೆದು, ತಮ್ಮ ಎಡಗಾಲನ್ನು ನೆಲದಿಂದ ಎತ್ತಿದರು. ಹೆಚ್ಚಾಯಿತೆನ್ನಿಸಿ ತುಸು ತಗ್ಗಿಸಿದರು. ಅಲ್ಲಿಯೇ ಹಿಡಿದರು.

"ಇಷ್ಟಕ್ಕೆ."

ರಾಮಾಂಜನೇಯ ಸುತ್ತಲೂ ಒಮ್ಮೆ ನೋಡಿ, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಸಾಹುಕಾರರ ಅಂಗಾಲಿಗೆ ಟೇಪು ಹಿಡಿದ.

"ಅಲ್ಲಾಡ್ಬ್ಯಾಡ್ರಿ ಮತ್ತೆ" ಎಂದ.